ನಾಳಿ ಬರ್ತದ

ಏಪ್ರಿಲ್, ಬೆಳಗಿನ ಹನ್ನೊಂದು.
ಶಟರು ಮುಟ್ಟಿದರೆ ಬೊಬ್ಬೆ ಏಳುವ ಬಿಸಿಲು.
ಒಳಗೆ ನಾನು, ಒಂದು ಸ್ಕ್ಯಾನರು, ಒಂದು ತಕ್ಕಡಿ,
ಗಾಳಿ ಮರೆತ ಫ್ಯಾನು,
ಯಾರಯಾರದೋ ಅವಸರದ ಮೇಲೆ ಸುತ್ತಿದ ಕಂದು ಟೇಪು.

ಹೊರಗೆ ಶಹಾಪುರದ ಗುಡ್ಡದಲ್ಲಿ ಬುದ್ಧ ಅಂಗಾತ ಮಲಗಿದ್ದಾನೆ.
ಅವನಿಗೇನು,
ಯಾವ ಪಾರ್ಸಲ್ಲೂ ಬರಬೇಕಾಗಿಲ್ಲ.

ಸಾಯಬಣ್ಣ ಬಂದು ಚೀಟಿ ಇಟ್ಟ.
ಬೀಡಿ ಕಟ್ಟಿನ ಕಾಗದದ ಹಿಂದೆ
ಹದಿಮೂರು ಅಂಕಿ, ಮೊಮ್ಮಗಳ ದುಂಡನೆಯ ಕೈಬರಹ.
ಮಾತಿಲ್ಲ. ಹುಬ್ಬು ಮಾತ್ರ ಮೇಲೇರಿತು.
ಪರದೆ ನೋಡಿದೆ: ಮಾರ್ಗದಲ್ಲಿದೆ.
ಮಾರ್ಗದಲ್ಲಿದೆ ಅಂದರೆ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ,
ಆರು ವರ್ಷದ ನೌಕರಿ ಕಲಿಸಿದ ವ್ಯಾಕರಣ ಇದು.
"ನಾಳಿ ಬರ್ತದ, ಕಾಕಾ."

ಮರುದಿನ ಬಂದ. ನಾಳಿ ಅಂದೆ.
ಅದರ ಮರುದಿನ ಬಂದ. ಲಾರಿ ಕೆಟ್ಟದ, ನಾಳಿ ಅಂದೆ.
ಲಾರಿ ಕೆಟ್ಟಿತ್ತೋ ಇಲ್ಲವೋ ನಾನೇನು ಕಂಡೆ?
ಕೆಟ್ಟ ಲಾರಿಯೊಂದು ಸದಾ
ನನ್ನ ಬಾಯಲ್ಲೇ ನಿಂತಿರುತ್ತದೆ.

ಐದನೇ ದಿನ ಮೊಮ್ಮಗಳನ್ನು ಕರೆತಂದ.
"ಅಕ್ಕಾರ, ನಮ್ಮ ಮುತ್ಯಾಂದು ಕಿವಿರಿ ಅದು.
ರಿಪೇರಿಗಿ ಹೈದರಾಬಾದಿಗಿ ಕಳಸಿದ್ವಿ."

ಅವತ್ತೇ ಮೊದಲು ನಾನು ಕುರ್ಚಿ ಬಿಟ್ಟೆದ್ದದ್ದು.
ಕಲಬುರಗಿ ಗೋದಾಮಿಗೆ ಫೋನು, ಅಲ್ಲಿಂದ ವಾಡಿಗೆ,
ಒಂದನ್ನು ಒತ್ತಿ, ನಾಲ್ಕನ್ನು ಒತ್ತಿ,
ಇಪ್ಪತ್ತು ನಿಮಿಷ ಪಿಟೀಲು ಕೇಳಿ
ಕೊನೆಗೆ ಸಿಕ್ಕವನೊಬ್ಬ ಆಕಳಿಸಿದ:
"ಶಹಾಬಾದಿಗಿ ಹೋಗ್ಯಾದ ಮೇಡಂ.
ಶಹಾ ತನಕ ಓದ್ಯಾರ, ಮುಂದಿಂದು ಓದಿಲ್ಲ."

ಎರಡಕ್ಷರದ ಸೋಮಾರಿತನಕ್ಕೆ
ಕಿವಿಯೊಂದು ಭೀಮೆ ದಾಟಿ ಆಚೆ ದಡ ಸೇರಿತ್ತು.

ಶಹಾಬಾದ ಎಂದು ಬರೆದು ತೋರಿಸಿದೆ.
ಸಾಯಬಣ್ಣ ಓದಿದ, ಚೀಟಿ ಮಡಚಿದ, ಮತ್ತೆ ಬಿಚ್ಚಿ ಓದಿದ,
ಆಮೇಲೆ ಕೌಂಟರು ಹಿಡಿದುಕೊಂಡು ನಕ್ಕ.
ಇಪ್ಪತ್ತೆರಡು ವರ್ಷ ಆ ಊರಲ್ಲಿ
ಮಷೀನಿಗೆ ಎದೆ ಕೊಟ್ಟು ಫರಸಿ ಕೊಯ್ದವನು.
"ಇರ್ಲಿ ಬಿಡವ್ವ," ಅಂದ,
ತನಗೇ ಕೇಳದವರ ದೊಡ್ಡ ದನಿಯಲ್ಲಿ,
"ಹಳೀ ಕಿವಿ ಹುಡಕ್ಲಾಕ ಹೋಗಿರಬೇಕು."

ಎಂಟನೇ ದಿನ ಮಧ್ಯಾಹ್ನ ನಾನು ಬ್ಯಾಂಕಿನ ಸಾಲಿನಲ್ಲಿದ್ದೆ.
ಪೊಟ್ಟಣ ಬಂತಂತೆ. ಹುಡುಗ ಬೈಕಿನಲ್ಲಿ ಒಯ್ದನಂತೆ.
ಓಣಿಯ ಮೂಲೆಯಲ್ಲಿ, ಬೇವಿನ ನೆರಳಲ್ಲಿ ನಿಂತು
ಮೂರು ಸಲ ಫೋನು ಮಾಡಿ
ದಾಖಲಿಸಿದನಂತೆ:
ಗ್ರಾಹಕರು ಕರೆ ಸ್ವೀಕರಿಸಲಿಲ್ಲ. ವಾಪಸ್.

ಕಿವಿಯೇ ಡಬ್ಬಿಯೊಳಗೆ ನಿನ್ನ ಬೈಕಿನ ಮೇಲಿರುವಾಗ
ಗಂಟೆ ಯಾರಿಗೆ ಕೇಳಬೇಕಿತ್ತು, ತಮ್ಮಾ?

ರಾತ್ರಿ ಗಾಡಿ ಬರುವ ಮುಂಚೆ
ವಾಪಸ್ ಚೀಲದ ಸೀಲು ಕತ್ತರಿಸಿದೆ.
ನಿಯಮಕ್ಕೆ ವಿರುದ್ಧ, ಗೊತ್ತು.
ಬಣ್ಣ ಹೊಂದದ ಕುಪ್ಪಸ, ಒಂದೇ ಕಾಲಿನ ಚಪ್ಪಲಿ,
ಯಾರೋ ಬೇಡವೆಂದ ಮಿಕ್ಸರು. ಅಡಿಯಲ್ಲಿ
ಬೆಂಕಿಪೊಟ್ಟಣದಷ್ಟೇ ದೊಡ್ಡದು ಅದು.
ಕೆಂಪು ಪೆನ್ನಿನಲ್ಲಿ ಮೇಲೆ ಬರೆದೆ:
ಫೋನ್ ಮಾಡಬ್ಯಾಡ. ಬಾಗಿಲ ಬಡೀಬ್ಯಾಡ.
ಎದುರು ಹೋಗಿ ನಿಂತು ಕೈ ಬೀಸು.

ಬೀಸುವ ಪ್ರಸಂಗ ಬರಲಿಲ್ಲ.
ಒಂಬತ್ತನೇ ದಿನ ಹನ್ನೊಂದಕ್ಕೆ ಸರಿಯಾಗಿ ಅವನೇ ಬಂದ.
ಅಲ್ಲೇ ನಿಂತು, ಗುಂಡಿಯಂಥ ಸೆಲ್ಲು ಹಾಕಿ,
ಕಿವಿಗೆ ಸಿಕ್ಕಿಸಿಕೊಂಡ. ಸಣ್ಣಗೆ ಸಿಳ್ಳೆ ಹೊಡೆಯಿತು.
ಫ್ಯಾನಿನ ಕಡೆ ನೋಡಿ ಮುಖ ಸಿಂಡರಿಸಿದ.

ಅಷ್ಟರಲ್ಲಿ ಫೋನು. ದೋರನಹಳ್ಳಿಯ ಹೆಂಗಸು,
ಹೊಲಿಗೆ ಯಂತ್ರದ ಬೆಲ್ಟಂತೆ, ಆರು ದಿನವಾಯಿತಂತೆ.
"ನಾಳಿ ಬರ್ತದ" ಅಂದೆ,
ಅನ್ನಬೇಕೆಂದು ಅಂದದ್ದಲ್ಲ.

ಸಾಯಬಣ್ಣ ತಲೆ ಎತ್ತಿದ.
"ಇದs ಏನು ಆ ಮಾತು?
ನಾಲಿಗಿ ಮದಲ ಹಲ್ಲಿಗಿ ಹತ್ತತದ, ಆಮ್ಯಾಲ ಮ್ಯಾಲ ಮಡಚತದ.
ಎಂಟು ದಿನದಿಂದ ನೋಡಲಾಕತ್ತೀನಿ.
ನೋಡ್ಲಾಕ ಚಂದಿತ್ತವ್ವ."

ಸಹಿ ಮಾಡಿ ಬಿಸಿಲಿಗಿಳಿದ.
ದೋರನಹಳ್ಳಿ ಇನ್ನೂ ಫೋನಿನಲ್ಲಿ ಉಸಿರಾಡುತ್ತಿತ್ತು.
ತಡೀರಿ ಅಂದೆ, ಪೆನ್ನು ಹುಡುಕಿದೆ,
ನಂಬರ್ ಹೇಳ್ರಿ.